ಕೀರ್ತನೆ 136: ಸಮುದ್ರ ಸೀಳಿದವನ ಪಟ್ಟಿಯಲ್ಲಿ ದಿನದ ಊಟ

ಬೈಬಲಿನ ಈ ಕೀರ್ತನೆಯಲ್ಲಿ 26 ವಚನಗಳು, 26ರಲ್ಲೂ ಎರಡನೇ ಅರ್ಧ ಒಂದೇ: ಆತನ ಕೃಪೆ ಶಾಶ್ವತ. ಸುಮ್ನೆ ಕಣ್ಣಾಡಿಸಿದರೆ ನಾಲ್ಕನೇ ವಚನಕ್ಕೇ ಬೇಜಾರಾಗುತ್ತದೆ, ನಿಜ. ಆದ್ದರಿಂದ ಒಬ್ಬರೇ ಓದಬೇಡಿ. ಒಬ್ಬರು ಮೊದಲರ್ಧ ಹೇಳಿ, ಉಳಿದವರೆಲ್ಲ ಸೇರಿ ಪಲ್ಲವಿ ಹೇಳಿ, ಆಗ ಬೇರೆಯೇ ಕೇಳಿಸುತ್ತದೆ. ಸೊಲೊಮೋನನ ದೇವಾಲಯದ ಪ್ರತಿಷ್ಠೆಯಲ್ಲಿ ಹಾಡಿದ್ದು ಇದೇ ಪಲ್ಲವಿ (2 ಪೂರ್ವಕಾಲವೃತ್ತಾಂತ 5:13). ಯೆಹೋಷಾಫಾಟ ರಾಜ ಯುದ್ಧಕ್ಕೆ ಹೊರಟಾಗ ಸೈನ್ಯದ ಮುಂದೆ ಹಾಡುಗಾರರನ್ನು ನಿಲ್ಲಿಸಿ ಹಾಡಿಸಿದ್ದೂ ಇದನ್ನೇ (20:21). ಜನರಿಗೆ ಬಾಯಿಪಾಠವಾಗಿದ್ದ ಸಾಲು ಅನ್ನಿ.

ಪಟ್ಟಿ ಹೀಗೆ ಸಾಗುತ್ತದೆ. 4ರಿಂದ 9 ಸೃಷ್ಟಿ. 10ರಿಂದ 15 ಗುಲಾಮರಾಗಿದ್ದ ಇಸ್ರಾಯೇಲರಿಗೆ ಐಗುಪ್ತದಿಂದ (ಈಜಿಪ್ಟ್) ಬಿಡುಗಡೆ, ಕೆಂಪು ಸಮುದ್ರ. ಅರಣ್ಯದ 40 ವರ್ಷಕ್ಕೆ ಸಿಕ್ಕಿದ್ದು ಒಂದೇ ವಚನ! ಆಮೇಲೆ ಸೀಹೋನ, ಓಗ ಎಂಬ ರಾಜರ ಸೋಲು, ದೇಶ ಸಿಕ್ಕಿದ್ದು, ಕುಗ್ಗಿಹೋಗಿದ್ದಾಗ ದೇವರು ನೆನಪಿಸಿಕೊಂಡಿದ್ದು.

ಇಷ್ಟೆಲ್ಲ ಆದಮೇಲೆ 25ನೇ ವಚನ: ಎಲ್ಲ ಜೀವಿಗಳಿಗೂ ಆಹಾರ ಕೊಡುವವನು. ಸೂರ್ಯ ಚಂದ್ರ, ಸೀಳಿದ ಸಮುದ್ರ, ಬಿದ್ದ ರಾಜರು, ಅದೇ ಸಾಲಿನಲ್ಲಿ ಊಟ. ಹಾಡಿದವರಿಗೆ ಇದು ಸಣ್ಣ ವಿಷಯ ಅನ್ನಿಸಲಿಲ್ಲ, ಅದಕ್ಕೂ ಅದೇ ಪಲ್ಲವಿ, ಒಂದಕ್ಷರ ಕಮ್ಮಿ ಇಲ್ಲ. ಇನ್ನೊಂದು, ಇಲ್ಲಿ ಇಸ್ರಾಯೇಲರಿಗೆ ಮಾತ್ರ ಅಂತ ಇಲ್ಲ. ಹಿಂದಿನ ವಚನಗಳಲ್ಲಿ ನಾವು, ನಮ್ಮ ವೈರಿಗಳು ಅನ್ನುತ್ತಿದ್ದ ಹಾಡು ಇದ್ದಕ್ಕಿದ್ದ ಹಾಗೆ ಎಲ್ಲರಿಗೂ ಬಾಗಿಲು ತೆಗೆಯುತ್ತದೆ, ಐಗುಪ್ತದವರಿಗೂ ಸೇರಿ ಅಲ್ವಾ?

ಯೆಹೂದ್ಯರು ಆ ಬಿಡುಗಡೆಯನ್ನು ನೆನೆಯುವ ಪಸ್ಕ ಹಬ್ಬದ ರಾತ್ರಿ ಮತ್ತು ವಾರದ ವಿಶ್ರಾಂತಿ ದಿನವಾದ ಸಬ್ಬತ್ ದಿನದ ಬೆಳಗಿನ ಪ್ರಾರ್ಥನೆಯಲ್ಲಿ ಇದನ್ನು ಈಗಲೂ ಹೇಳುತ್ತಾರೆ. ಅವರಲ್ಲಿ ಇದರ ಹೆಸರು ಮಹಾ ಹಲ್ಲೇಲ್, ಅಂದರೆ ಮಹಾ ಸ್ತುತಿ. ಯಾಕೆ "ಮಹಾ"? ಸಮುದ್ರ ಸೀಳಿದ್ದಕ್ಕೆ ಅಂದುಕೊಂಡಿರಾ? ಅಲ್ಲ. ದೇವರು ಲೋಕದ ತುತ್ತತುದಿಯಲ್ಲಿ ಕೂತು ಪ್ರತಿ ಜೀವಿಗೂ ಊಟ ಹಂಚುತ್ತಾನೆ, ಅದಕ್ಕೇ ಎಂದು ಯೆಹೂದ್ಯ ಗುರುಗಳ ಚರ್ಚೆಗಳ ಸಂಗ್ರಹವಾದ ತಾಲ್ಮುದ್‌ನಲ್ಲಿ ರಬ್ಬಿ (ಗುರು) ಯೋಹಾನಾನ್ ಉತ್ತರ ಕೊಡುತ್ತಾರೆ. ಅದೇ ಚರ್ಚೆಯಲ್ಲಿ ಇನ್ನೊಬ್ಬ ರಬ್ಬಿಯ ಮಾತೂ ಇದೆ: ಒಬ್ಬ ಮನುಷ್ಯನ ಹೊಟ್ಟೆಪಾಡು ನಡೆಯುವುದು ಕೆಂಪು ಸಮುದ್ರ ಸೀಳುವಷ್ಟೇ ಕಷ್ಟದ ಕೆಲಸ. ತಿಂಗಳ ಕೊನೆಯ ವಾರ ನೆನಪಿಸಿಕೊಂಡರೆ ಈ ಮಾತಿಗೆ ವಿವರಣೆಯೇ ಬೇಡ.

ಒಂದು ಕಷ್ಟದ ಜಾಗ ಇದೆ, ಹಾರಿಸಬೇಡಿ. ಐಗುಪ್ತದ ಚೊಚ್ಚಲುಗಳು ಸತ್ತ 10ನೇ ವಚನಕ್ಕೂ ಕೃಪೆಯ ಪಲ್ಲವಿಯೇ. ಇದು ಬಿಡುಗಡೆಯಾದ ಗುಲಾಮರ ಹಾಡು, ಅವರು ನಿಂತ ಕಡೆಯಿಂದ ಹಾಗೆ ಕಂಡಿತು ಎನ್ನಬಹುದು. ನನಗೆ ಅಷ್ಟರಿಂದ ಪೂರ್ತಿ ಸಮಾಧಾನ ಇಲ್ಲ. ಗುಂಪಿನಲ್ಲಿ ಮಾತಾಡಿ.

ಅಭ್ಯಾಸಕ್ಕೆ: ನಿಮ್ಮದೇ ನಾಲ್ಕೈದು ಸಾಲು ಬರೆದು ಪಲ್ಲವಿ ಸೇರಿಸಿ. ನಲ್ಲಿಯಲ್ಲಿ ನೀರು ಬಂತು, ಅಮ್ಮನ ಜ್ವರ ಇಳಿಯಿತು, ಜಗಳವಾಡಿದ ತಮ್ಮ ಫೋನ್ ಮಾಡಿದ, ಹೀಗೆ. "ಎಲ್ಲದಕ್ಕೂ ಸ್ತೋತ್ರ" ಅಂತ ಒಂದೇ ಏಟಿಗೆ ಮುಗಿಸಬೇಡಿ, ಈ ಕೀರ್ತನೆ ಒಂದೊಂದನ್ನೂ ಹೆಸರು ಹಿಡಿದು ಹೇಳುತ್ತದೆ.

ಮುಂದಿನ ಓದಿಗೆ 107. ದಾರಿ ತಪ್ಪಿದವರು, ಸೆರೆಯಲ್ಲಿದ್ದವರು, ಕಾಯಿಲೆ ಬಿದ್ದವರು, ಬಿರುಗಾಳಿಗೆ ಸಿಕ್ಕ ಹಡಗಿನವರು, ನಾಲ್ಕು ಗುಂಪು ಬರುತ್ತವೆ. ಅಲ್ಲೂ ಒಂದು ಪಲ್ಲವಿ ಇದೆ, ಹುಡುಕಿ ಗುರುತು ಹಾಕಿಕೊಂಡು ಬನ್ನಿ.