ಕರಡು ಇರುವಾಗಲೇ ಬರೆಯಿರಿ

2025ರ ಜುಲೈ ತಿಂಗಳಲ್ಲಿ ಬಟವಾಡಿಯ ಹಾಲಿನ ಅಂಗಡಿಯವರೊಬ್ಬರು ತುಮಕೂರಿನ ನನ್ನ ಕಚೇರಿಗೆ ಬಂದು ಮೇಜಿನ ಮೇಲೆ ವಾಣಿಜ್ಯ ತೆರಿಗೆ ಇಲಾಖೆಯ ನೋಟಿಸ್ ಇಟ್ಟರು. ಒಂದು ವರ್ಷದಲ್ಲಿ ಯುಪಿಐ ಮೂಲಕ ಅವರ ಖಾತೆಗೆ ಬಂದದ್ದು 43 ಲಕ್ಷ ರೂಪಾಯಿ. ಜಿಎಸ್‌ಟಿ ನೋಂದಣಿ ಏಕೆ ಇಲ್ಲ ಎಂಬುದು ಪ್ರಶ್ನೆ. “ಹಾಲಿಗೆ ತೆರಿಗೆಯೇ ಇಲ್ಲವಲ್ಲ ಸಾರ್?” ಎಂದರು.

ನಿಜ, ಇಲ್ಲ. ಬರೀ ಹಾಲು ಮಾರುವವರಿಗೆ ನೋಂದಣಿಯೂ ಬೇಡ. ಆದರೆ ಅವರ ಗಲ್ಲಾಪೆಟ್ಟಿಗೆಯ ಪಕ್ಕದ ಭರಣಿಗಳಲ್ಲಿ ಬಿಸ್ಕತ್ತು, ಚಾಕೊಲೇಟ್ ಇದ್ದವು. ತೆರಿಗೆಯುಳ್ಳ ಪದಾರ್ಥ ಜೊತೆಗಿದ್ದರೆ ಹಾಲಿನ ಹಣವೂ ಸೇರಿಯೇ ಒಟ್ಟು ವಹಿವಾಟು ಲೆಕ್ಕವಾಗುತ್ತದೆ. ಸರಕು ಮಾತ್ರ ಮಾರುವವರಿಗೆ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷ. ಮೂಲೆಯಲ್ಲೊಂದು ಸ್ಟವ್ ಇಟ್ಟು ಚಹಾ ಕಾಯಿಸಿ ಕೊಟ್ಟರೆ ಅದು ಸೇವೆ ಎನಿಸಿ ಮಿತಿ 20 ಲಕ್ಷಕ್ಕೆ ಇಳಿಯುತ್ತದೆ. ಇವರ ಲೆಕ್ಕದ ಪುಸ್ತಕ ಬಿಡಿಸಿ ಕೂಡಿಸಿದೆವು: 43 ಲಕ್ಷದಲ್ಲಿ 31 ಲಕ್ಷ ಹಾಲಿನದೇ. ಅದರಲ್ಲಿ ಅವರಿಗೆ ಉಳಿಯುವುದು ಲೀಟರಿಗೆ ಕೆಲವೇ ರೂಪಾಯಿ ಕಮಿಷನ್.

ಇಂಥ ನೋಟಿಸ್ ರಾಜ್ಯದ ಎಷ್ಟೋ ಅಂಗಡಿಗಳಿಗೆ ಬಂದಿತ್ತು. ವರ್ತಕರು ಬಂದ್‌ಗೆ ಸಜ್ಜಾದರು. ಜುಲೈ 23ರಂದು ಮುಖ್ಯಮಂತ್ರಿಗಳು ಸಭೆ ಕರೆದು, ನೋಂದಣಿ ಮಾಡಿಸಿಕೊಂಡರೆ ಹಳೆಯ ಬಾಕಿ ವಸೂಲು ಮಾಡುವುದಿಲ್ಲವೆಂದು ಭರವಸೆ ಕೊಟ್ಟರು. ಎಷ್ಟೋ ಮನೆಗಳಲ್ಲಿ ಆ ರಾತ್ರಿ ನಿದ್ದೆ ಬಂದಿರಬೇಕು. ಆದರೆ ಒಟ್ಟು ವಹಿವಾಟಿನ ಆ ವ್ಯಾಖ್ಯಾನ ಇದ್ದಲ್ಲೇ ಇದೆ. ಹಾಲಿನ ಹಣವನ್ನು ಮಿತಿಯ ಲೆಕ್ಕದಿಂದ ಬಿಡಿ ಎಂಬ ಮಾತನ್ನು 2017ರಲ್ಲಿ ಕಾಯ್ದೆ ಬರುವ ಮೊದಲೇ ಹಾಲಿನ ಅಂಗಡಿಯವರು ಹೇಳಬೇಕಿತ್ತು. ಅವರನ್ನು ಕೇಳಿದವರು ಯಾರು?

ಈ ತೆರಿಗೆಯ ದರ, ಮಿತಿಗಳನ್ನು ಶಿಫಾರಸು ಮಾಡುವ ಜಿಎಸ್‌ಟಿ ಕೌನ್ಸಿಲ್‌ನಲ್ಲಿ ಕೂರುವವರು ಕೇಂದ್ರ ಮತ್ತು ರಾಜ್ಯಗಳ ಸಚಿವರು. ಅಂಗಡಿಯವರಿಗೆ ಅಲ್ಲಿ ಕುರ್ಚಿಯಿಲ್ಲ. ಹಾಗಾಗಿ ನಮ್ಮ ರಾಜ್ಯದ ಪ್ರತಿನಿಧಿಗೆ ಬರೆಯುವುದೊಂದೇ ದಾರಿ. ಆದರೆ ಬೇರೆ ಎಷ್ಟೋ ಕಾಯ್ದೆಗಳಲ್ಲಿ ನಿಯಮದ ಕರಡನ್ನು ಮೊದಲು ಪ್ರಕಟಿಸಲೇಬೇಕು. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಹೋಟೆಲಿಗೂ ಅನ್ವಯಿಸುವ 2006ರ ಆಹಾರ ಸುರಕ್ಷತಾ ಕಾಯ್ದೆ ಅಂಥದ್ದು. ಹೀಗೆ ಪ್ರಕಟಿಸಿದ ಕರಡಿಗೆ ಗಡುವಿನೊಳಗೆ ಬಂದ ಆಕ್ಷೇಪಣೆಗಳನ್ನು ಪರಿಗಣಿಸಬೇಕೆಂದು ಕೇಂದ್ರದ ಕಾಯ್ದೆಗಳಿಗೆಲ್ಲ ಸಾಮಾನ್ಯವಾಗಿ ಅನ್ವಯಿಸುವ 1897ರ ಜನರಲ್ ಕ್ಲಾಜಸ್ ಕಾಯ್ದೆಯ 23ನೇ ಕಲಂ ಹೇಳುತ್ತದೆ. ಕೇಂದ್ರ ಸರ್ಕಾರದ 2014ರ ನೀತಿಯೂ ಕರಡನ್ನು ಕನಿಷ್ಠ 30 ದಿನ ಜನರ ಮುಂದಿಡಬೇಕು, ಸರಳ ಭಾಷೆಯ ವಿವರಣೆ ಕೊಡಬೇಕು ಎನ್ನುತ್ತದೆ.

ಆ ಸರಳ ಭಾಷೆ ಯಾರಿಗೆ ಸರಳ? ಬೆಳಗಿನ ಐದಕ್ಕೆ ಬಾಗಿಲು ತೆಗೆಯುವವರು ಇಲಾಖೆಯ ಜಾಲತಾಣದಲ್ಲಿ ಇಂಗ್ಲಿಷ್ ಕರಡು ಹುಡುಕುತ್ತಾ ಕೂರಲಾರರು. ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ, ಅಂತರಸನಹಳ್ಳಿಯ ಮಾರುಕಟ್ಟೆಯಲ್ಲಿ ಅದರ ಕನ್ನಡ ಪ್ರತಿ ಅಂಟಿಸಲಿ, ಅಲ್ಲೇ ಆಕ್ಷೇಪಣೆ ಪಡೆದು ಸ್ವೀಕೃತಿ ಕೊಡಲಿ. ಇದು ಅತಿಯಾಸೆಯಲ್ಲ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ. 40ರಷ್ಟು ಸ್ಥಾನಗಳನ್ನು ವ್ಯಾಪಾರಿಗಳಿಗೇ ಕೊಟ್ಟಿದೆ, ಅದರಲ್ಲಿ ಮೂರನೇ ಒಂದು ಭಾಗ ಮಹಿಳೆಯರಿಗೆ. ತಳ್ಳುಗಾಡಿಯವರಿಗೆ ಒಪ್ಪಿದ ಹಕ್ಕು ನಾಲ್ಕು ಗೋಡೆಯ ಅಂಗಡಿಯವರಿಗೆ ಏಕೆ ಇಲ್ಲ?

ಬರೆಯುವಾಗ “ಸಣ್ಣ ವ್ಯಾಪಾರಿಗಳಿಗೆ ಅನ್ಯಾಯ” ಎಂದಷ್ಟೇ ಬರೆದರೆ ಕಡತಕ್ಕೆ ಸೇರಿ ಮುಗಿಯುತ್ತದೆ. ಯಾವ ನಿಯಮ, ಎಷ್ಟನೇ ಉಪನಿಯಮ, ಅದು ಬಂದರೆ ನನ್ನ ಅಂಗಡಿಯಲ್ಲಿ ನಾಳೆ ಏನು ಬದಲಾಗುತ್ತದೆ, ತಿಂಗಳಿಗೆ ಎಷ್ಟು ಖರ್ಚು, ಆ ಸಾಲಿನ ಬದಲು ಯಾವ ಸಾಲು ಇರಲಿ ಎಂಬುದನ್ನು ಒಂದು ಪುಟದಲ್ಲಿ ಬರೆಯಿರಿ. ಕೊನೆಯದನ್ನು ಬಿಡಬೇಡಿ. ಪರ್ಯಾಯ ಪದಗಳನ್ನು ಕೈಗಿಟ್ಟರೆ ಅಧಿಕಾರಿಗೆ ಅದನ್ನು ಸುಮ್ಮನೆ ಬದಿಗಿಡುವುದು ಕಷ್ಟ.

ಕೌನ್ಸಿಲ್‌ನಲ್ಲಿರುವ ನಮ್ಮ ರಾಜ್ಯದ ಪ್ರತಿನಿಧಿಗೆ ಬಟವಾಡಿಯವರ ಪತ್ರವನ್ನು ಕನ್ನಡದಲ್ಲೇ ಬರೆದೆವು. ಹನ್ನೆರಡು ತಿಂಗಳ ಹಾಲಿನ ಖರೀದಿ ಬಿಲ್ಲುಗಳ ಪ್ರತಿ ಲಗತ್ತಿಸಿ, ಅಂಗಡಿಯ ಮೊಹರು ಒತ್ತಿ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿದರು. ಉತ್ತರ ಇನ್ನೂ ಬಂದಿಲ್ಲ. ಎರಡನೆಯ ಪತ್ರ ಸಿದ್ಧವಾಗುತ್ತಿದೆ. ಈ ಸಲ ಇನ್ನೂ ಮೂರು ಅಂಗಡಿಗಳ ಬಿಲ್ಲುಗಳು ಸೇರಿವೆ.