ನಕ್ಷೆಯ ಲೆಕ್ಕ ಬೇರೆ, ಕಂದಾಯದ ಲೆಕ್ಕ ಬೇರೆ

ಬೆಂಗಳೂರಿನಲ್ಲಿ ಮನೆ ಕಟ್ಟುವವರು ಪಾಲಿಕೆಗೆ ಎರಡು ಲೆಕ್ಕ ಕೊಡುತ್ತಾರೆ. ಎಷ್ಟು ಮಹಡಿ, ಎಷ್ಟು ಚದರಡಿ ಅಂತ ಮೊದಲು ನಕ್ಷೆ ಮಂಜೂರಾತಿಗೆ ಬರೆದುಕೊಡಬೇಕು. ಆಮೇಲೆ ಅದನ್ನೇ ಆಸ್ತಿ ತೆರಿಗೆಗೆ ಹೇಳಬೇಕು. ಒಂದು ನಗರ ಯೋಜನಾ ವಿಭಾಗದ ಫೈಲು, ಇನ್ನೊಂದು ಕಂದಾಯ ವಿಭಾಗದ್ದು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವ ಅಭ್ಯಾಸ ನಮ್ಮಲ್ಲಿ ಬೆಳೆಯಲೇ ಇಲ್ಲ.

ಹಿಂದೆ ತೆರಿಗೆಗೆ ಬಾಡಿಗೆಯೇ ಆಧಾರ. ವರ್ಷಕ್ಕೆ ಎಷ್ಟು ಬಾಡಿಗೆ ಬರಬಹುದೆಂದು ಅಧಿಕಾರಿಯೇ ಅಂದಾಜು ಮಾಡುತ್ತಿದ್ದರು. ಬಾಡಿಗೆ ನಿಯಂತ್ರಣ ಕಾನೂನಿನ ಮಿತಿಯನ್ನು ಈ ಅಂದಾಜು ದಾಟುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1979ರಲ್ಲಿ ದೆಹಲಿಯ ಪ್ರಕರಣವೊಂದರಲ್ಲಿ ಹೇಳಿತು. ಬಾಡಿಗೆ ಎಷ್ಟೇ ಏರಿದರೂ ತೆರಿಗೆ ಹಳೆಯ ಮಟ್ಟದಲ್ಲೇ ಉಳಿಯುವ ಸ್ಥಿತಿ ಬಂತು.

2000ದಲ್ಲಿ ಬೆಂಗಳೂರು ಮಹಾನಗರ ಪಾಲಿಕೆ ಸ್ವಯಂ ಘೋಷಣೆ ಪದ್ಧತಿ ತಂದಿತು. ಮಾಲೀಕರೇ ಅಳತೆ ಬರೆದು, ತೆರಿಗೆ ಲೆಕ್ಕ ಹಾಕಿ ಕಟ್ಟುವುದು. ಇದು ನಿಜಕ್ಕೂ ಒಳ್ಳೆಯ ಹೆಜ್ಜೆ. ಜನರನ್ನು ನಂಬಿತು, ಕಚೇರಿ ಅಲೆದಾಟ ತಪ್ಪಿಸಿತು. 2008ರಲ್ಲಿ, ಆ ಪಾಲಿಕೆಯ ಜಾಗಕ್ಕೆ ಬಂದ ಬಿಬಿಎಂಪಿ ಊರನ್ನು ಎಯಿಂದ ಎಫ್‌ವರೆಗೆ ಆರು ವಲಯ ಮಾಡಿ, ಚದರಡಿಗೆ ಇಷ್ಟು ಅಂತ ದರ ಕಟ್ಟಿತು. ಎ ವಲಯದಲ್ಲಿ ಸ್ವಂತ ವಾಸದ ಆರ್‌ಸಿಸಿ ಮನೆಗೆ ಆಗ ತಿಂಗಳಿಗೆ ಚದರಡಿಗೆ 2.50 ರೂಪಾಯಿ. 1,000 ಚದರಡಿಗೆ, ವರ್ಷಕ್ಕೆ ಹತ್ತು ತಿಂಗಳು ಹಿಡಿಯುವ ಲೆಕ್ಕದಲ್ಲಿ 25,000. ಅದರ ಶೇ. 20 ಅಂದರೆ 5,000 ರೂಪಾಯಿ ತೆರಿಗೆ. ಸವಕಳಿ, ಸೆಸ್ ಬೇರೆ. ಮೇಲೊಂದು ಮಹಡಿ ಎಬ್ಬಿಸಿ ಹೇಳದೆ ಇದ್ದರೆ ಅಷ್ಟೇ ಹಣ ಪ್ರತಿ ವರ್ಷ ಖೋತಾ.

ಆ ಮಹಡಿ ಹಿಡಿಯಲು ನಕ್ಷೆ ನೋಡಿದರೆ ಸಾಕಲ್ವಾ? ಸಾಕಾಗುತ್ತಿರಲಿಲ್ಲ. 2007ರಲ್ಲಿ ಬಿಬಿಎಂಪಿ ಹುಟ್ಟಿದಾಗ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳು ಒಳಗೆ ಬಂದವು. ಕೆಲವರ ಕೈಯಲ್ಲಿ ಪಂಚಾಯಿತಿ ಪರವಾನಗಿ, ಕೆಲವರ ಹತ್ತಿರ ನಗರಸಭೆಯದ್ದು, ಕೃಷಿ ಜಮೀನನ್ನು ಪರಿವರ್ತಿಸದೆ ಮಾಡಿದ ರೆವಿನ್ಯೂ ಸೈಟಿನವರಲ್ಲಿ ಎಷ್ಟೋ ಜನರ ಬಳಿ ಯಾವುದೂ ಇಲ್ಲ. ನಿಯಮ ಮೀರಿದ ಆಸ್ತಿಗಳೆಲ್ಲ ತೆರಿಗೆಗಷ್ಟೇ ಇಟ್ಟ ಬೇರೆ ದಾಖಲೆಯಾದ ಬಿ ಖಾತಾ ಪುಸ್ತಕ ಸೇರಿದವು. ತೆರಿಗೆ ಬಂತು, ಆದರೆ ಕಟ್ಟಡ ಸಕ್ರಮ ಆಗಲಿಲ್ಲ.

ಅಳತೆಯಲ್ಲೂ ಒಮ್ಮತ ಇಲ್ಲ. ನಕ್ಷೆಯ ಎಫ್‌ಎಆರ್ (ನಿವೇಶನಕ್ಕೆ ತಕ್ಕಂತೆ ಎಷ್ಟು ಚದರಡಿ ಕಟ್ಟಬಹುದೆಂಬ ಅನುಪಾತ) ಲೆಕ್ಕದಲ್ಲಿ ಪಾರ್ಕಿಂಗ್ ಬಿಟ್ಟುಹೋಗುತ್ತದೆ. ಚಾವಣಿ ಇರುವ ಪಾರ್ಕಿಂಗ್‌ಗೆ ತೆರಿಗೆ ಮಾತ್ರ ಉಂಟು. ಪ್ರಾಮಾಣಿಕರು ಕೂಡ ಇಲ್ಲಿ ಗೊಂದಲಕ್ಕೆ ಬೀಳುತ್ತಾರೆ. ಕೇಂದ್ರ 2016ರಲ್ಲಿ ಮಾದರಿ ಕಟ್ಟಡ ಬೈಲಾ ಹೊರಡಿಸಿದರೂ ಅದು ಬರೀ ಮಾದರಿ; ಒಪ್ಪುವುದು, ಬಿಡುವುದು ರಾಜ್ಯಗಳ ಕೈಯಲ್ಲಿ.

2024ರಲ್ಲಿ ಬಂದ ಇ-ಖಾತಾಗೆ, ಅಂದರೆ ಆಸ್ತಿಯ ಡಿಜಿಟಲ್ ದಾಖಲೆಗೆ, ಆಧಾರ್, ಕ್ರಯಪತ್ರ, ಬೆಸ್ಕಾಂನ ಕರೆಂಟ್ ಸಂಪರ್ಕ ಸಂಖ್ಯೆ ಜೋಡಿಸಬೇಕು. ಮಾಲೀಕರು ಯಾರೆಂಬುದು ಇದರಿಂದ ಗಟ್ಟಿಯಾಗುತ್ತದೆ. ಎಷ್ಟು ಕಟ್ಟಿದ್ದಾರೆ ಎಂಬುದು ಗಟ್ಟಿಯಾಗಬೇಕಾದರೆ ಮಂಜೂರಾದ ನಕ್ಷೆಯ ಮೇಲೂ ಅದೇ ಖಾತಾ ಸಂಖ್ಯೆ ಇರಬೇಕು. ಮಹಡಿವಾರು ಅಳತೆ ಎಲ್ಲ ಕಡೆ ಒಂದೇ ನಮೂನೆಯಲ್ಲಿ ಬರಬೇಕು. ಕೆಲಸ ಮುಗಿದ ದಿನವೇ ಅದು ಕಂದಾಯ ವಿಭಾಗಕ್ಕೆ ತಲುಪಬೇಕು.

ಕಟ್ಟಡ ಮುಗಿದದ್ದನ್ನು ಹೇಳುವ ಕಾಗದ ಓಸಿ, ಅಂದರೆ ಸ್ವಾಧೀನಾನುಭವ ಪತ್ರ. ನೀರು, ಕರೆಂಟ್ ಸಂಪರ್ಕಕ್ಕೆ ಅದು ಬೇಕೇ ಬೇಕೆಂದು 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಸಾವಿರಾರು ಮನೆಗಳು ಕತ್ತಲಲ್ಲಿ ಉಳಿಯುವಂತಾದಾಗ, 2025ರಲ್ಲಿ ಸರ್ಕಾರ 1,200 ಚದರಡಿವರೆಗಿನ ನಿವೇಶನದ ಮನೆಗಳಿಗೆ ಓಸಿ ವಿನಾಯಿತಿ ಕೊಟ್ಟಿತು. 30x40ರ ಮಾಲೀಕರ ಕಷ್ಟ ನೋಡಿದರೆ ಈ ವಿನಾಯಿತಿ ಸರಿಯೇ. ಆದರೆ ಅದರ ಜೊತೆಗೆ, ನಕ್ಷೆ ಬರೆದ ಎಂಜಿನಿಯರೇ ಕಟ್ಟಿದ ಅಳತೆಯನ್ನು ಒಂದು ಹಾಳೆಯಲ್ಲಿ ಕಂದಾಯಕ್ಕೆ ಕೊಡುವ ಏರ್ಪಾಡೂ ಬೇಕು.