ಫ್ರೀಕ್ವೆನ್ಸಿ ಯಾರಪ್ಪನ ಆಸ್ತಿಯೂ ಅಲ್ಲ, ರಿಪೀಟರ್ ಮಾತ್ರ ಕ್ಲಬ್ಬಿನದು

ಹ್ಯಾಮ್ (ಹವ್ಯಾಸಿ ರೇಡಿಯೊ) ಲೈಸೆನ್ಸ್ ಕೈಗೆ ಬಂದು ಹೊಸ ಹ್ಯಾಂಡಿ, ಅಂದರೆ ಕೈಯಲ್ಲಿ ಹಿಡಿಯುವ ಸೆಟ್, ಕೊಂಡವರು ನನ್ನನ್ನು ಕೇಳುವ ಮೊದಲ ಪ್ರಶ್ನೆ ಹೆಚ್ಚಾಗಿ ಇದೇ: ‘ಸರ್, ರಿಪೀಟರ್ ಎತ್ತುತ್ತಿಲ್ಲ, ಸೆಟ್ಟೇ ಸರಿ ಇಲ್ವಾ?’ ಸೆಟ್ ಸರಿಯಾಗೇ ಇರುತ್ತದೆ. ಶಿಫ್ಟೋ ಟೋನೋ ಹಾಕಿರುವುದಿಲ್ಲ, ಅಷ್ಟೇ.

ರಿಪೀಟರ್ ಒಂದು ಫ್ರೀಕ್ವೆನ್ಸಿಯಲ್ಲಿ ಕೇಳಿಸಿಕೊಂಡದ್ದನ್ನು ಅದೇ ಕ್ಷಣ ಇನ್ನೊಂದರಲ್ಲಿ ಜೋರಾಗಿ ಹೇಳುತ್ತದೆ. ನಮ್ಮಲ್ಲಿ 2 ಮೀಟರ್ ಬ್ಯಾಂಡ್ ಅಂದರೆ 144ರಿಂದ 146 ಮೆಗಾಹರ್ಟ್ಸ್. ಅಲ್ಲಿ ರಿಪೀಟರ್ ಕೇಳುವ ಮತ್ತು ಹೇಳುವ ಫ್ರೀಕ್ವೆನ್ಸಿಗಳ ನಡುವೆ 600 ಕಿಲೋಹರ್ಟ್ಸ್ ಅಂತರ ಇಡುವುದು ರೂಢಿ, ಅದೇ ಶಿಫ್ಟ್. ರಿಪೀಟರ್ 145.600ರಲ್ಲಿ ಕೇಳಿಸಿದರೆ ನಿಮ್ಮ ಸೆಟ್ 145.000ದಲ್ಲಿ ಕಳಿಸಬೇಕು. ಜೊತೆಗೆ 88.5 ಹರ್ಟ್ಸ್ ತರಹದ ಒಂದು ತಗ್ಗು ಟೋನ್ ಬೇಕಾಗಬಹುದು. ಅದಿಲ್ಲದ ಸಿಗ್ನಲ್ಲನ್ನು ಯಂತ್ರ ಒಳಗೇ ಬಿಟ್ಟುಕೊಳ್ಳುವುದಿಲ್ಲ.

ಇಷ್ಟೆಲ್ಲ ಒದ್ದಾಟ ಎತ್ತರಕ್ಕಾಗಿ. ಮನೆಗಳ ನಡುವೆ ನಿಂತು 5 ವಾಟ್ ಹ್ಯಾಂಡಿಯಲ್ಲಿ ಮಾತಾಡಿದರೆ ಕೆಲವೇ ಕಿಲೋಮೀಟರ್. ಚಾಮುಂಡಿ ಬೆಟ್ಟ ಮೈಸೂರು ಊರಿಗಿಂತ ಸುಮಾರು 300 ಮೀಟರ್ ಮೇಲಿದೆ. ಅಷ್ಟು ಎತ್ತರದ ಆಂಟೆನಾಗೆ ಲೆಕ್ಕದ ಪ್ರಕಾರ 70 ಕಿಲೋಮೀಟರ್ ದಿಗಂತ ಸಿಗುತ್ತದೆ. ಮಂಡ್ಯ ಅದರೊಳಗೇ ಬಂತು.

ಇನ್ನು ಹಕ್ಕಿನ ಮಾತು. ‘ಇದು ನಮ್ಮ ಫ್ರೀಕ್ವೆನ್ಸಿ’ ಎಂದು ಯಾರಾದರೂ ಗದರಿದರೆ ನಂಬಬೇಡಿ. ಫ್ರೀಕ್ವೆನ್ಸಿ ಹಂಚುವ ಕೇಂದ್ರ ಸರ್ಕಾರದ ವಿಭಾಗ ಡಬ್ಲ್ಯೂಪಿಸಿ, ಈ ಬ್ಯಾಂಡನ್ನು ಲೈಸೆನ್ಸ್ ಇರುವ ಎಲ್ಲ ಹ್ಯಾಮ್‌ಗಳಿಗೂ ಕೊಟ್ಟಿದೆ. ಆದರೆ ರಿಪೀಟರ್ ಯಂತ್ರ ಹಾಗಲ್ಲ. ಅದಕ್ಕೆ ಬೇರೆ ಅನುಮತಿ, ಕರೆಂಟ್ ಬಿಲ್ಲು, ಬ್ಯಾಟರಿ, ಸಿಡಿಲಿನ ಕಾಟ ಎಲ್ಲ ಇರುತ್ತದೆ. ಅದನ್ನು ನಡೆಸುವ ಕ್ಲಬ್ಬಿನವರು ‘ಇಲ್ಲಿ ಹೀಗೆ ಮಾತಾಡಬೇಡಿ’ ಎಂದರೆ ಕೇಳಲೇಬೇಕು. ಬೇಡ ಅನಿಸಿದರೆ ಅವರು ಅದನ್ನು ಆಫ್ ಮಾಡಲೂಬಹುದು. ಈ ವ್ಯತ್ಯಾಸ ಗೊತ್ತಿಲ್ಲದೆಯೇ ಎಷ್ಟೋ ಜಗಳ ಆಗುತ್ತವೆ.

ಹ್ಯಾಮ್‌ಗಳಿಗಾಗಿ ಮಾಡಿದ 1978ರ ನಿಯಮಗಳು ಹೇಳುವುದು ನೇರ. ಕಾಲ್‌ಸೈನ್, ಅಂದರೆ ಲೈಸೆನ್ಸ್ ಜೊತೆ ಕೊಟ್ಟ ನಿಮ್ಮ ಗುರುತು, ಹೇಳಿ. ವ್ಯಾಪಾರದ ಮಾತು, ಹಾಡು, ಗುಟ್ಟಿನ ಸಂಕೇತ ಬೇಡ. ಬೇರೆಯವರ ಸಂದೇಶವನ್ನು ಸುಮ್ನೆ ದಾಟಿಸುವಂತಿಲ್ಲ. ಪ್ರವಾಹದಂಥ ಹೊತ್ತಲ್ಲಿ ಮಾಮೂಲಿ ಸಂಪರ್ಕ ಕಡಿದಾಗ, ಜಿಲ್ಲಾಧಿಕಾರಿಯಂಥವರ ಪರವಾಗಿ ದಾಟಿಸಬಹುದು.

ನಿಯಮದಲ್ಲಿ ಇಲ್ಲದ್ದೇ ಜಾಸ್ತಿ, ಅದನ್ನು ರೂಢಿ ನೋಡಿಕೊಳ್ಳುತ್ತದೆ. ಮೊದಲು ಕೇಳಿ, ಆಮೇಲೆ ಒತ್ತಿ. ಎಚ್‌ಎಫ್‌ನಲ್ಲಿ (ಶಾರ್ಟ್‌ವೇವ್) ಮಾಡುವಂತೆ ಉದ್ದಕ್ಕೆ ‘ಸಿಕ್ಯೂ ಸಿಕ್ಯೂ’, ಅಂದರೆ ‘ಯಾರಾದರೂ ಇದ್ದೀರಾ’, ಎಂದು ಕೂಗುವುದು ರಿಪೀಟರಿನಲ್ಲಿ ಬೇಡ. ಕಾಲ್‌ಸೈನ್ ಹೇಳಿ ‘ಕೇಳ್ತಾ ಇದ್ದೀನಿ’ ಎಂದರೆ ಸಾಕು. ಪಿಟಿಟಿ (ಮಾತಾಡಲು ಒತ್ತುವ ಬಟನ್) ಒತ್ತಿ ಒಂದು ಕ್ಷಣ ಬಿಟ್ಟು ಬಾಯಿ ತೆರೆಯಿರಿ, ಇಲ್ಲದಿದ್ದರೆ ಮೊದಲ ಅಕ್ಷರ ನುಂಗಿಹೋಗುತ್ತದೆ. ಇನ್ನೊಬ್ಬರು ಮುಗಿಸಿದ ತಕ್ಷಣ ಮೇಲೆ ಬೀಳಬೇಡಿ, ಎರಡು ಸೆಕೆಂಡ್ ಬಿಡಿ. ಎಫ್‌ಎಂನಲ್ಲಿ ಇಬ್ಬರು ಒಟ್ಟಿಗೆ ಒತ್ತಿದರೆ ಬಲವಾದ ಸಿಗ್ನಲ್ ಗೆಲ್ಲುತ್ತದೆ, ಬಡಪಾಯಿ ಹ್ಯಾಂಡಿಯವನ ದನಿ ಯಾರಿಗೂ ಕೇಳುವುದೇ ಇಲ್ಲ. ಆ ಎರಡು ಸೆಕೆಂಡಿನ ಬಿಡುವಿನಲ್ಲೇ ತುರ್ತು ಇದ್ದವರು ‘ಬ್ರೇಕ್’ ಎನ್ನಬೇಕು. ಮಾತು ಉದ್ದವಾದರೆ ರಿಪೀಟರಿನ ಟೈಮರ್ ಬಾಯಿ ಮುಚ್ಚಿಸುತ್ತದೆ. ಕೆಲವು ಹಿರಿಯರಿಗೆ ಅದೊಂದೇ ಮದ್ದು, ಬಿಡಿ! ಹೆಸರು ಹೇಳದೆ ಸುಮ್ನೆ ಪಿಟಿಟಿ ಒತ್ತಿ ಬಿಟ್ಟು ರಿಪೀಟರ್ ಕೆಣಕುವುದೂ ಕೆಟ್ಟ ಚಟ.

145.800 ಮೆಗಾಹರ್ಟ್ಸ್‌ನಲ್ಲಿ ಮಾತ್ರ ಒತ್ತಲೇಬೇಡಿ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಕೆಳಗೆ ಮಾತಾಡುವುದು ಅಲ್ಲೇ.

ಲೈಸೆನ್ಸ್ ಇಲ್ಲದೆ ತೋಟಕ್ಕೆ, ಮದುವೆ ಮನೆಗೆ ವಾಕಿಟಾಕಿ ಬೇಕು ಎನ್ನುವವರಿಗೆ 446.0ರಿಂದ 446.2 ಮೆಗಾಹರ್ಟ್ಸ್‌ನ ಕಡಿಮೆ ಪವರ್ ಸೆಟ್ಟುಗಳಿವೆ. ಆನ್‌ಲೈನಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಹ್ಯಾಮ್ ಸೆಟ್ ತಂದು ರಿಪೀಟರಿಗೆ ನುಗ್ಗಬೇಡಿ.

ಕೊನೆಗೊಂದು ಕಿವಿಮಾತು. ಸೆಟ್ಟಿನಲ್ಲಿ ರಿವರ್ಸ್ ಬಟನ್ ಇರುತ್ತದೆ, ಅಲ್ವಾ? ಮಾತಿನ ನಡುವೆ ಅದನ್ನೊಮ್ಮೆ ಒತ್ತಿ, ಎದುರಿನವರು ರಿಪೀಟರಿಗೆ ಕಳಿಸುವ ಫ್ರೀಕ್ವೆನ್ಸಿಯಲ್ಲೇ ಕೇಳಿ ನೋಡಿ. ಕುವೆಂಪುನಗರದಲ್ಲಿ ಕೂತವರಿಗೆ ಸರಸ್ವತಿಪುರಂನವರು ನೇರವಾಗಿ ಸ್ಪಷ್ಟ ಕೇಳಿಸಿದರೆ, ಸಿಂಪ್ಲೆಕ್ಸ್‌ಗೆ, ಅಂದರೆ ರಿಪೀಟರ್ ಇಲ್ಲದೆ ಒಂದೇ ಫ್ರೀಕ್ವೆನ್ಸಿಯ ನೇರ ಮಾತಿಗೆ, ಹೋಗಿ ಎಷ್ಟು ಬೇಕಾದರೂ ಹರಟಿ. ರಿಪೀಟರ್ ಬಿಟ್ಟರೆ ಬೇರೆ ದಾರಿಯೇ ಇಲ್ಲದ ಮಂಡ್ಯದವರಿಗೆ ಆಗ ಜಾಗ ಸಿಗುತ್ತದೆ.